ಅಟ್ಟದ ಮೇಲಣ ಧ್ವನಿಮುದ್ರಿಕೆಗಳು

ಠಾಣೆಯಿಂದ ಕಲ್ಯಾಣದವರೆಗೆ ರೈಲುಹಳಿಯ ಎರಡೂ ಮಗ್ಗುಲಲ್ಲಿ ಹಿಂದಿನ ತಲೆಮಾರಿನವರು ಕೂಡಿಟ್ಟ ಹಣದಿಂದ ಕೊಂಡ ಮನೆಗಳಿದ್ದ ಮೂರು ನಾಲ್ಕು ಮಹಡಿಯ ಕಟ್ಟಡಗಳು ಇಂದು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಪುನರ್ನಿರ್ಮಾಣಕ್ಕಾಗಿ ಮನೆ ತೆರವು ಮಾಡುವ ದಿನ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳಲ್ಲಿ ಹಿತ್ತಾಳೆಯ ಹಂಡೆ, ಊರಿನಿಂದ ತಂದ ಮಣೆ, ಹಳೆಯ ಪಂಚಾಂಗದ ಕಟ್ಟುಗಳ ಜೊತೆಗೆ ಕೆಲವು ಕನ್ನಡಿಗರ ಮನೆಗಳಲ್ಲಿ ಒಂದು ಭಾರವಾದ ಪೆಟ್ಟಿಗೆಯೂ ಇರುವುದುಂಟು. ಅದರೊಳಗೆ ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಪೆಲಿನ್ ಮುಂತಾದ ರಾಕ್ ಸಂಗೀತ ತಂಡಗಳ ಧ್ವನಿಮುದ್ರಿಕೆಗಳು. ಹೊದಿಕೆಸಹಿತವಾಗಿ ನೂರು ಎಲ್.ಪಿ. ತಟ್ಟೆಗಳು ಇಪ್ಪತ್ತು ಕಿಲೋಗೂ ಮೀರಿ ತೂಗುತ್ತವೆ. ಗುಜರಿಯವನಿಗೆ ಗೊತ್ತಿರುವುದು ಆ ತೂಕವೊಂದೇ. ಮನೆಯ ಮಕ್ಕಳಿಗೂ ಅಷ್ಟೇ ಗೊತ್ತಿದ್ದರೆ, ಒಬ್ಬ ಮನುಷ್ಯನ ಯೌವನದ ಅತ್ಯುತ್ತಮ ಸಂಪಾದನೆಯೊಂದು ಅರ್ಧ ಗಂಟೆಯಲ್ಲಿ ಬೀದಿಪಾಲಾಗುತ್ತದೆ.

ಆ ಸಂಪಾದನೆಯ ಹಿಂದಿನ ಶ್ರಮವನ್ನು ಅರಿತವರು ಈಗ ವಿರಳ. 1960 ಮತ್ತು 1970ರ ದಶಕಗಳಲ್ಲಿ ದಕ್ಷಿಣ ಕನ್ನಡದಿಂದಲೂ ಉತ್ತರ ಕರ್ನಾಟಕದಿಂದಲೂ ಬಂದ ತರುಣರು ಹೋಟೆಲುಗಳಲ್ಲಿ, ಬ್ಯಾಂಕುಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದು, ನಗರದ ಬಾಡಿಗೆಗೆ ಹೆದರಿ ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದರು. ಅವರಲ್ಲಿ ಹಲವರಿಗೆ ಇಂಗ್ಲಿಷ್ ಹಾಡಿನ ಮೊದಲ ಪರಿಚಯವಾದದ್ದು ರೇಡಿಯೋ ಸಿಲೋನ್‌ನಿಂದ, ಇಲ್ಲವೇ ಮುಂಬಯಿ ಆಕಾಶವಾಣಿಯ 'ಸ್ಯಾಟರ್‌ಡೇ ಡೇಟ್' ಕಾರ್ಯಕ್ರಮದಿಂದ. ರೇಡಿಯೋದಲ್ಲಿ ಒಮ್ಮೆ ಕೇಳಿದ ಹಾಡನ್ನು ಮತ್ತೆ ಕೇಳಬೇಕಾದರೆ ಕಾಲಾಘೋಡಾದ ರಿದಮ್ ಹೌಸ್‌ನಂತಹ ಅಂಗಡಿಗೆ ಹೋಗಬೇಕಿತ್ತು. ಅಲ್ಲಿ ತಟ್ಟೆಯನ್ನು ಕೇಳಿ ನೋಡಲು ಪುಟ್ಟ ಗೂಡುಗಳಿದ್ದವು. ಸಂಬಳದಲ್ಲಿ ಊರಿಗೆ ಮನಿಯಾರ್ಡರು ಕಳುಹಿಸಿ ಉಳಿದ ಹಣದಲ್ಲಿ ಒಂದು ತಟ್ಟೆಯನ್ನು ಆರಿಸಿ, ಸಂಜೆಯ ನೂಕುನುಗ್ಗಲಿನ ಲೋಕಲ್ ಗಾಡಿಯಲ್ಲಿ ಅದನ್ನು ಎದೆಗವಚಿಕೊಂಡು ಮನೆಗೆ ತರುವುದೆಂದರೆ ಸಾಮಾನ್ಯ ಸಾಹಸವಲ್ಲ. ಆ ಅಂಗಡಿ 2016ರಲ್ಲಿ ಮುಚ್ಚಿತು. ಅಲ್ಲಿಂದ ತಂದ ತಟ್ಟೆಗಳು ಮಾತ್ರ ಇನ್ನೂ ಅಟ್ಟಗಳಲ್ಲಿವೆ.

ಈ ಹವ್ಯಾಸವನ್ನು ಅಂದಿನ ಹಿರಿಯರು ಮೆಚ್ಚಿರಲಿಲ್ಲ. ರಾಕ್ ಎಂದರೆ ಗದ್ದಲ, ಉದ್ದಗೂದಲು, ಅಮಲು. ಕನ್ನಡಿಗನಿಗೂ ಅದಕ್ಕೂ ಏನು ನಂಟು ಎಂಬುದು ಅವರ ಪ್ರಶ್ನೆ. ಆ ಸಂಗೀತದ ಸುತ್ತ ಅಮಲು ಪದಾರ್ಥಗಳ ಹಾವಳಿ ಇತ್ತೆಂಬುದೂ, ಅದಕ್ಕೆ ಪ್ರತಿಭಾವಂತರು ಬಲಿಯಾದರೆಂಬುದೂ ನಿಜ. ಆದರೆ ಅದು ಪರಕೀಯ ಸದ್ದು ಮಾತ್ರವೆಂಬ ಮಾತಿಗೆ ಚರಿತ್ರೆಯ ಸಮ್ಮತಿಯಿಲ್ಲ. 1968ರ ಜನವರಿಯಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಮುಂಬಯಿಯ ಕೋಟೆ ವಿಭಾಗದಲ್ಲಿದ್ದ ಎಚ್.ಎಂ.ವಿ. ಧ್ವನಿಮುದ್ರಣಾಲಯದಲ್ಲಿ ಕುಳಿತು 'ವಂಡರ್‌ವಾಲ್ ಮ್ಯೂಸಿಕ್' ಎಂಬ ಎಲ್.ಪಿ.ಯ ಭಾಗಗಳನ್ನು ಮುದ್ರಿಸಿದರು. ಶಿವಕುಮಾರ ಶರ್ಮಾ, ಆಶಿಷ್ ಖಾನ್ ಮೊದಲಾದವರು ಅದರಲ್ಲಿ ನುಡಿಸಿದರು. ಅದೇ ಸಂದರ್ಭದಲ್ಲಿ ಮುದ್ರಿತವಾದ ವಾದ್ಯಭಾಗಕ್ಕೆ ಲಂಡನ್ನಿನಲ್ಲಿ ಕಂಠ ಸೇರಿಸಿ, 'ದಿ ಇನ್ನರ್ ಲೈಟ್' ಎಂಬ ಹಾಡನ್ನು ಬೀಟಲ್ಸ್ ತಂಡ ಅದೇ ವರ್ಷದ ಮಾರ್ಚ್‌ನಲ್ಲಿ ಹೊರತಂದಿತು. ಲೆಡ್ ಜೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ 1972ರಲ್ಲಿ ಮುಂಬಯಿಯ ವಾದಕರೊಡನೆ ತಮ್ಮ ಎರಡು ಹಾಡುಗಳನ್ನು ಮರುಮುದ್ರಿಸಿದರು. ಅವು ಅಧಿಕೃತವಾಗಿ ಬೆಳಕು ಕಂಡದ್ದು 2015ರಲ್ಲಿ.

ಹ್ಯಾರಿಸನ್ ಅವರ ಕೆಲಸಕ್ಕಾಗಿ ಕಲ್ಕತ್ತೆಯಿಂದ ಸ್ಟೀರಿಯೋ ಯಂತ್ರವೊಂದನ್ನು ರೈಲಿನಲ್ಲಿ ಮುಂಬಯಿಗೆ ತಲುಪಿಸಿದವರು ಗ್ರಾಮಫೋನ್ ಕಂಪನಿಯ ಭಾಸ್ಕರ ಮೆನನ್. ತಿರುವನಂತಪುರದಲ್ಲಿ ಹುಟ್ಟಿದ ಈ ಮಹನೀಯರೇ ಮುಂದೆ ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್ ಸಂಸ್ಥೆಯ ಮುಖ್ಯಸ್ಥರಾಗಿ, 1973ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಅಲ್ಲಿ ಮನೆಮಾತಾಗುವಂತೆ ಶ್ರಮಿಸಿದರು. ಪ್ರಾಯದಲ್ಲಿ ಊರು ಬಿಟ್ಟು ಬಂದು, ಪರರ ನಡುವೆ ದುಡಿದು ಮೇಲೆ ಬಂದ ಕನ್ನಡಿಗನಿಗೆ ಇಂತಹವರ ಬಾಳು ಪರಕೀಯವೆನಿಸಲಾರದು.

ಇನ್ನು ಕೃತಿಯ ಗುಣದ ವಿಚಾರ. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್.ಪಿ. ತಟ್ಟೆಯನ್ನು ಹೊರತಂದಾಗ ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಸಂಗೀತ ಹಿಡಿಸುವಂತಾಯಿತು. ಮೊದಲಿನ 78 ಸುತ್ತಿನ ತಟ್ಟೆಯಲ್ಲಿ ದೊರೆಯುತ್ತಿದ್ದುದು ಮೂರು ಮೂರೂವರೆ ನಿಮಿಷ ಮಾತ್ರ. ಈ ಅವಕಾಶವನ್ನು ಉತ್ತಮ ರಾಕ್ ತಂಡಗಳು ಬಿಡಿ ಹಾಡುಗಳ ಗಂಟಾಗಿ ಬಳಸದೆ, ಆದಿ ಅಂತ್ಯಗಳುಳ್ಳ ಕಾವ್ಯಬಂಧವಾಗಿ ಬಳಸಿದವು. ಮೇಲೆ ಹೇಳಿದ 'ಡಾರ್ಕ್ ಸೈಡ್' ಹೃದಯದ ಬಡಿತದಂತಹ ಸದ್ದಿನಿಂದ ಆರಂಭವಾಗಿ ಅದೇ ಸದ್ದಿನಲ್ಲಿ ಲೀನವಾಗುತ್ತದೆ. ನಡುವೆ ಕಾಲ, ಹಣ, ಮರಣ, ಬುದ್ಧಿಭ್ರಮಣೆಗಳ ಚಿಂತನೆ ಸಾಗುತ್ತದೆ. ಅದರಿಂದ ಒಂದು ಹಾಡನ್ನು ಕಿತ್ತು ಕೇಳುವುದು ಪ್ರಸಂಗದ ನಡುವಿನ ಒಂದು ಪದ್ಯವನ್ನಷ್ಟೇ ಕೇಳಿ ಎದ್ದುಹೋದಂತೆ. ವೇಷವಿಲ್ಲದೆ, ಕುಣಿತವಿಲ್ಲದೆ, ಕಿವಿಯೊಂದನ್ನೇ ನಂಬಿ ರಾತ್ರಿಯಿಡೀ ತಾಳಮದ್ದಳೆಯನ್ನು ಸವಿಯಬಲ್ಲ ಜನಕ್ಕೆ ಈ ಬಗೆಯ ಏಕಾಗ್ರ ಶ್ರವಣ ಹೊಸದೇನೂ ಅಲ್ಲ. ಇಂದು ದೂರವಾಣಿಯಲ್ಲಿ ಬೆರಳು ತಾಗಿಸಿದೊಡನೆ ಲಕ್ಷಾಂತರ ಹಾಡುಗಳು ದೊರೆಯುತ್ತವೆ. ಆದರೆ ಒಂದನ್ನು ಮುಗಿಯುವ ತನಕ ಕೇಳುವ ವ್ಯವಧಾನ ಹೋಗಿದೆ. ಎದ್ದು ಹೋಗಿ ತಟ್ಟೆ ಮಗುಚಬೇಕಾದವನು ಕುಳಿತಷ್ಟು ಹೊತ್ತು ಕೇಳುತ್ತಿದ್ದ.

ಹಾಗೆಂದು ಸಂಗ್ರಾಹಕರೆಲ್ಲರೂ ಪ್ರಶಂಸಾರ್ಹರಲ್ಲ. ಅಮೆರಿಕದಲ್ಲಿ 2022ರಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ವಿನೈಲ್ ತಟ್ಟೆಗಳು ಮಾರಾಟವಾದವು: ಸುಮಾರು 4.1 ಕೋಟಿಗೆ ಎದುರಾಗಿ 3.3 ಕೋಟಿ. ಈ ಹೊಸ ಗಿರಾಕಿಗಳಲ್ಲಿ ತಟ್ಟೆಯನ್ನು ಗೋಡೆಯ ಅಲಂಕಾರವೆಂದು ಬಗೆದವರೂ ಇದ್ದಾರೆ. ಮುಂಬಯಿಯ ಚೋರ್ ಬಜಾರಿನಲ್ಲಿ ಅಗ್ಗಕ್ಕೆ ಕೊಂಡು ದುಬಾರಿಗೆ ಮಾರುವವರಿದ್ದಾರೆ. ಯಾರಿಗೂ ಮುಟ್ಟಗೊಡದೆ, ತಾನೂ ನುಡಿಸದೆ ಬೀಗ ಹಾಕಿಡುವ ಕೃಪಣರಿದ್ದಾರೆ. ಕೇಳದ ಸಂಗೀತ ಹೂತಿಟ್ಟ ಹೊನ್ನಿನಂತೆ; ಅದು ಇದ್ದೂ ಇಲ್ಲದ್ದು. ಕೊಂಡದ್ದನ್ನು ಕೇಳಿ, ಕೇಳಿದ್ದನ್ನು ಇತರರಿಗೆ ಕೇಳಿಸಿ, ಯಾವುದು ಎಲ್ಲಿಂದ ಬಂತೆಂದು ಬರೆದಿಟ್ಟವನೇ ನಿಜವಾದ ಸಂಗ್ರಾಹಕ.

ಬರೆದಿಡುವ ಅಗತ್ಯಕ್ಕೆ ಒಂದು ನಿದರ್ಶನ ಸಾಕು. ಬ್ರಿಟನ್ನಿನಲ್ಲಿ 78 ಸುತ್ತಿನ ತಟ್ಟೆಗಳ ಕಾಲ ಮುಗಿದ ಮೇಲೂ ಭಾರತದಲ್ಲಿ ಕೀಲಿ ಕೊಡುವ ಗ್ರಾಮಫೋನುಗಳು ಬಳಕೆಯಲ್ಲಿದ್ದುದರಿಂದ, ಬೀಟಲ್ಸ್ ತಂಡದ ಆರಂಭದ ಹಾಡುಗಳು ಕಲ್ಕತ್ತೆಯ ಸಮೀಪದ ಡಂಡಂ ಕಾರ್ಖಾನೆಯಲ್ಲಿ ಅರಗಿನ 78 ಸುತ್ತಿನ ತಟ್ಟೆಗಳಾಗಿ ಅಚ್ಚಾದವು. ಇಂದು ಜಗತ್ತಿನ ಸಂಗ್ರಾಹಕರು ಅವನ್ನು ಅರಸುತ್ತಿದ್ದಾರೆ. ಡೊಂಬಿವಲಿಯ ಯಾವ ಅಟ್ಟದಿಂದ ಅಂತಹುದೊಂದು ಗುಜರಿ ಸೇರಿತೋ ಬಲ್ಲವರಾರು!

ಕೊಂಕಣದ ಹವೆ ಈ ವಸ್ತುಗಳಿಗೆ ಹಿತಕರವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು, ಉಲ್ಹಾಸ ನದಿ ಉಕ್ಕಿ ಕಲ್ಯಾಣ ಪರಿಸರದ ಮನೆಗಳಿಗೆ ನೀರು ನುಗ್ಗಿದುದನ್ನು ಮರೆಯುವಂತಿಲ್ಲ. ನೀರಿನಲ್ಲಿ ನೆನೆದ ರಟ್ಟು ಹಾಳಾದರೂ ವಿನೈಲ್ ತಟ್ಟೆ ತೊಳೆದರೆ ಉಳಿಯುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಬಿಸಿಲು ತಾಗಿದರೆ ಅವು ಸೊಟ್ಟಗಾಗುತ್ತವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ. ಭಟ್ಟಿಯಿಳಿಸಿದ ಶುದ್ಧ ನೀರು ಮತ್ತು ಮೃದುವಾದ ಬಟ್ಟೆಯಿಂದ ಗೆರೆಗಳ ಜಾಡಿನಲ್ಲೇ ಒರೆಸುವುದು ಒಳ್ಳೆಯದು. ಅರಗಿನ ತಟ್ಟೆಗೆ ಮದ್ಯಸಾರ ತಾಗಿಸಬಾರದು. ಅರಗು ಅದರಲ್ಲಿ ಕರಗುತ್ತದೆ.

ತಟ್ಟೆಯಷ್ಟೇ ಕಿವಿಯೂ ಜೋಪಾನಕ್ಕೆ ಅರ್ಹ. 'ದಿ ಹೂ' ತಂಡದ ಪೀಟ್ ಟೌನ್‌ಶೆಂಡ್ ಕಿವಿಮೊರೆತದಿಂದ ಬಳಲಿದರು. ಮುದ್ರಣಾಲಯದಲ್ಲಿ ಕಿವಿಗೆ ಹಾಕಿಕೊಂಡ ಹೆಡ್‌ಫೋನನ್ನೇ ಅದಕ್ಕೆ ಕಾರಣವೆಂದು ದೂರಿದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್‌ಗೆ ಏರಿದರೆ ಸುರಕ್ಷಿತ ಅವಧಿ ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ಒಳಕಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ಸಣ್ಣ ಕೋಣೆಯಲ್ಲಿ ನೆರೆಯವರಿಗೂ ನೆಮ್ಮದಿಯಾಗುವಂತೆ ಹಿತಮಿತವಾಗಿ ಕೇಳುವವನೇ ಮುಪ್ಪಿನಲ್ಲೂ ತನ್ನ ಸಂಗ್ರಹವನ್ನು ಸವಿಯಬಲ್ಲನು.

ಇಷ್ಟೆಲ್ಲ ಹೇಳಿದ ಮೇಲೆ ಕರ್ತವ್ಯದ ಪ್ರಶ್ನೆ ಉಳಿಯುತ್ತದೆ. 2019ರ ಡಿಸೆಂಬರ್ 15ರಂದು ನವಿ ಮುಂಬಯಿಯ ನೆರೂಳಿನ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಐರ್ಲೆಂಡಿನ ಯು2 ತಂಡ ತನ್ನ 1987ರ 'ದಿ ಜೋಶುವಾ ಟ್ರೀ' ಕೃತಿಯನ್ನು ಆದ್ಯಂತವಾಗಿ ಹಾಡಿತು. ಸಾವಿರಾರು ರೂಪಾಯಿ ತೆತ್ತು ಅಲ್ಲಿಗೆ ಧಾವಿಸಿದ ಕನ್ನಡಿಗರ ಮಕ್ಕಳಲ್ಲಿ ಎಷ್ಟು ಮಂದಿಗೆ ತಮ್ಮ ತಂದೆಯ ಪೆಟ್ಟಿಗೆಯಲ್ಲಿ ಏನಿದೆಯೆಂಬುದು ಗೊತ್ತಿತ್ತು? ತಂದೆಗೂ ಮಗನಿಗೂ ಮಾತು ಕಡಿಮೆಯಾಗುತ್ತಿರುವ ಮನೆಗಳಲ್ಲಿ ಒಂದು ತಟ್ಟೆ ಆ ಮಾತಿಗೆ ಪೀಠಿಕೆಯಾಗಬಲ್ಲದು.

ಈ ಕೆಲಸಕ್ಕೆ ಕನ್ನಡ ಸಂಘಗಳೇ ಮುಂದಾಗಬೇಕು. 1990ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ 'ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್' ಶ್ರವಣಗೋಷ್ಠಿಗಳನ್ನು ನಡೆಸಿ, ಪತ್ರಿಕೆ ಹೊರತಂದು, ಹಳೆಯ ತಟ್ಟೆಗಳ ಚರಿತ್ರೆಯನ್ನು ಉಳಿಸುವ ಮಾರ್ಗ ತೋರಿದೆ. ಲಾಭದ ಉದ್ದೇಶವಿಲ್ಲದ ಸಂಘವು ತನ್ನ ಚಟುವಟಿಕೆಯ ಅಂಗವಾಗಿ ಧ್ವನಿಮುದ್ರಿಕೆಯನ್ನು ಕೇಳಿಸಲು 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣ ಅವಕಾಶ ನೀಡುತ್ತದೆ. ತಿಂಗಳಿಗೊಂದು ಸಂಜೆ ಸಂಘದ ಕೋಣೆಯಲ್ಲಿ ಒಬ್ಬ ಸದಸ್ಯ ತನ್ನ ಪೆಟ್ಟಿಗೆಯಿಂದ ಒಂದು ತಟ್ಟೆಯನ್ನು ತಂದು, ಎರಡೂ ಮಗ್ಗುಲು ನುಡಿಸಿ, ಅದನ್ನು ಕೊಂಡ ಕಥೆಯನ್ನು ಕನ್ನಡದಲ್ಲಿ ಹೇಳಲಿ. ಒಂದು ದಿನ ರಾಕ್ ಆದರೆ ಮತ್ತೊಂದು ದಿನ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಿಕೆಗಳಾಗಲಿ. ಯಾರ ಮನೆಯಲ್ಲಿ ಏನಿದೆಯೆಂಬ ಪಟ್ಟಿಯೊಂದು ಸಂಘದ ಕಪಾಟಿನಲ್ಲಿರಲಿ. ಮನೆ ಬಿಡುವವರು ಗುಜರಿಯವನನ್ನು ಕರೆಯುವ ಮೊದಲು ಸಂಘಕ್ಕೆ ತಿಳಿಸಲಿ. ಇದಕ್ಕೆ ಬೇಕಾಗುವುದು ಒಂದು ಕಪಾಟು, ಸುಸ್ಥಿತಿಯಲ್ಲಿರುವ ಒಂದು ಯಂತ್ರ, ಒಂದು ದಫ್ತರು.

ಕಟ್ಟಡ ಉರುಳಿದರೆ ಅದಕ್ಕಿಂತ ಎತ್ತರದ ಕಟ್ಟಡ ಏಳುತ್ತದೆ. ಆದರೆ ತಟ್ಟೆಯ ಹೊದಿಕೆಯ ಮೂಲೆಯಲ್ಲಿ ಶಾಯಿಯಿಂದ ಬರೆದ ಹೆಸರು, ತಾರೀಖು, ಮಸುಕಾದ ಅಂಗಡಿಯ ಮೊಹರು ಒಮ್ಮೆ ಹೋದರೆ ಮತ್ತೆ ಬಾರವು. ಅಟ್ಟದ ಏಣಿಯನ್ನು ಇಂದೇ ಏರಿ ನೋಡುವುದು ಮೇಲು.