ಸಕ್ಕರೆಗೂ ಒಂದು ಬಾಗಿಲು

ಸಕ್ಕರೆ ಕಾಯಿಲೆಯ ಮಾತು ಬಾರದ ಮನೆ ಈಗ ನಮ್ಮಲ್ಲಿ ಅಪರೂಪ. ಬೆಳಗಿನಿಂದ ರಾತ್ರಿಯ ತನಕ ಗಾದಿಯ ಮೇಲೆ ಕುಳಿತೇ ದಿನ ಕಳೆಯುವವರು ನಾವು. ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಕೈಕಾಲು ಸೋಲುವುದೇಕೆ ಎಂದು ಬಂಧುಗಳು ಕೇಳುತ್ತಾರೆ. ನಾವು ಮೆಟ್ರಿಕ್ ತನಕ ಕಲಿತವರು. ಓದಿ ತಿಳಿದಷ್ಟನ್ನು ಈ ಸಲ ಹೇಳುತ್ತೇವೆ.

ದೇಹದ ಪ್ರತಿಯೊಂದು ಜೀವಕೋಶಕ್ಕೂ ಜಿಡ್ಡಿನಿಂದಾದ ತೆಳುವಾದ ಪೊರೆಯಿದೆ. ಎಣ್ಣೆಯಲ್ಲಿ ಸಕ್ಕರೆ ಕರಗದೆಂಬುದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಹಾಗೆಯೇ ರಕ್ತದಲ್ಲಿರುವ ಗ್ಲೂಕೋಸ್ ಈ ಪೊರೆಯನ್ನು ತಾನಾಗಿ ದಾಟಲಾರದು. ಅದಕ್ಕೆ ಬಾಗಿಲು ಬೇಕು. ಪೊರೆಯಲ್ಲಿ ನಾಟಿಕೊಂಡಿರುವ ಒಂದು ಜಾತಿಯ ಪ್ರೋಟೀನೇ ಆ ಬಾಗಿಲು. ಗ್ಲೂಕೋಸಿನ ಕಣ ಬಂದು ಕುಳಿತಾಗ ಅದು ಆಕಾರ ಬದಲಿಸಿ ಒಳಬದಿಗೆ ತೆರೆಯುತ್ತದೆ, ಕಣ ಒಳಗಿಳಿಯುತ್ತದೆ.

ಹೀಗೆ ದಾಟಿಸಲು ದೇಹ ಶಕ್ತಿ ಖರ್ಚು ಮಾಡುವುದಿಲ್ಲ. ಬಾವಿಯ ನೀರು ಮೇಲೇರಲು ಪಂಪು ಬೇಕು, ಕರೆಂಟು ಬೇಕು. ಕೆರೆಯ ನೀರು ಹೊಲಕ್ಕೆ ಇಳಿಯಲು ತೂಬು ತೆರೆದರೆ ಸಾಕು. ಗ್ಲೂಕೋಸೂ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ತಾನೇ ಹೋಗುತ್ತದೆ. ಆದರೆ ಬಾಗಿಲು ಕೆಲವೇ ಇದ್ದರೆ ಹೊರಗೆ ಎಷ್ಟು ತುಂಬಿದ್ದರೂ ಒಳಗೆ ಹೋಗುವುದು ಅಷ್ಟಕ್ಕಷ್ಟೇ.

ಕೆಂಪು ರಕ್ತಕಣಗಳಲ್ಲಿ, ಮೆದುಳಿನಲ್ಲಿ ಇಂಥ ಬಾಗಿಲುಗಳು ಸದಾ ಪೊರೆಯಲ್ಲೇ ಇರುತ್ತವೆ. ಸ್ನಾಯುಗಳಲ್ಲಿ ಹಾಗಲ್ಲ. ಅಲ್ಲಿನ ಬಾಗಿಲಿಗೆ ಗ್ಲುಟ್-4 ಎಂದು ಹೆಸರು. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1988ರಲ್ಲಿ. ಉಗ್ರಾಣದಲ್ಲಿ ಒರಗಿಸಿಟ್ಟ ಕದದಂತೆ ಅದು ಹೆಚ್ಚಾಗಿ ಕೋಶದೊಳಗೇ ಇರುತ್ತದೆ. ಊಟವಾದ ಮೇಲೆ ಇನ್ಸುಲಿನ್ ಬಂದು ಸೂಚನೆ ಕೊಟ್ಟಾಗ ಪೊರೆಗೆ ಬಂದು ಸೇರುತ್ತದೆ. ಇನ್ಸುಲಿನ್ ಸಾಲದಿದ್ದರೆ, ಇದ್ದರೂ ಕೋಶ ಅದರ ಮಾತು ಕೇಳದಿದ್ದರೆ, ಬಾಗಿಲು ಒಳಗೇ ಉಳಿಯಿತು. ಪೇಟೆಯ ತುಂಬ ಧಾನ್ಯವಿದ್ದೂ ಮನೆಯಲ್ಲಿ ಒಲೆ ಉರಿಯದ ಸ್ಥಿತಿ ಅದು.

ಸಮಾಧಾನದ ಸಂಗತಿಯೂ ಇದೆ. ಸ್ನಾಯು ದುಡಿದಾಗ ಇನ್ಸುಲಿನ್ನಿನ ಸೂಚನೆಗೆ ಕಾಯದೆ ಗ್ಲುಟ್-4 ಪೊರೆಗೆ ಬರುತ್ತದೆ. ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳದ ಸ್ನಾಯುವಿನಲ್ಲೂ ಈ ಎರಡನೆಯ ದಾರಿ ತೆರೆದಿರುತ್ತದೆ. ಆದ್ದರಿಂದಲೇ ವೈದ್ಯರು ನಡೆಯಿರಿ ಎಂದು ಒತ್ತಿ ಹೇಳುವುದು.

ಸೂರ್ಯಾಸ್ತಕ್ಕೆ ಮುನ್ನ ಉಂಡು ಮತ್ತೆ ಗಾದಿಗೆ ಹೋಗುವ ನಮ್ಮವರು ಮೊದಲು ಕಾಲು ಗಂಟೆ ನಡೆಯಲಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ನಡಿಗೆಯ ಹೊತ್ತನ್ನು ಗೊತ್ತುಮಾಡಿಕೊಳ್ಳಲಿ. ಸಕ್ಕರೆ ಒಮ್ಮೆಲೇ ಇಳಿದರೂ ಅಪಾಯವೇ. ನಡೆಯುತ್ತೇವೆಂದು ಔಷಧವನ್ನು ತಾವಾಗಿಯೇ ಬಿಡುವುದು ಬೇಡ.