ತೊಳೆದು ಬಂದ ಕಾಲು!

ಕಂಕನಾಡಿಯಲ್ಲಿ ದಿನಾ ಬಸ್ ಹತ್ತಿ ಇಳಿಯುವವರಿಗೆ ಫಾದರ್ ಮುಲ್ಲರ್ ಆಸ್ಪತ್ರೆ ಗೊತ್ತು. ಆ ಮುಲ್ಲರ್ ಯಾರು ಅಂತ ಕೇಳುವವರು ಕಡಿಮೆ.

ಜರ್ಮನಿಯಲ್ಲಿ ಹುಟ್ಟಿದ ಈ ಪಾದ್ರಿ 1880ರಲ್ಲಿ ಮಂಗಳೂರಿನ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೊಂದು ಆಸರೆ ಕಟ್ಟಿದರು. ಮನೆಯವರೇ ಅವರಿಗೆ ಬಾಗಿಲು ಹಾಕುತ್ತಿದ್ದ ಕಾಲ ಅದು.

ಕೊನೆಯ ಊಟದ ರಾತ್ರಿ ಯೇಸು ತಮ್ಮ ಶಿಷ್ಯರ ಕಾಲು ತೊಳೆದರು. ಗುರುವೇ ಆಳಿನ ಕೆಲಸ ಮಾಡಿದರು! ಆ ನೆನಪಿಗೆ ಪವಿತ್ರ ಗುರುವಾರದಂದು ಇಗರ್ಜಿಗಳಲ್ಲಿ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಒಳ್ಳೆಯದೇ. ಆದರೆ ಅವು ಮನೆಯಲ್ಲೇ ತೊಳೆದು ಬಂದ ಕಾಲುಗಳು. ಮುಲ್ಲರ್ ಆಸರೆ ಕೊಟ್ಟದ್ದು ಯಾರೂ ಮುಟ್ಟದ ಕಾಲಿಗೆ.

ಪಾದ್ರಿಯೇ ಇರಲಿ, ಇಗರ್ಜಿಯ ಕಮಿಟಿಯವರೇ ಇರಲಿ, ಮುಂದಾಳು ಅನ್ನಿಸಿಕೊಂಡವರಿಗೆ ಪರೀಕ್ಷೆ ಉಳಿದ 364 ದಿನಗಳಲ್ಲಿದೆ. ಹಬ್ಬದ ದಿನ ಮುಂದಿನ ಕುರ್ಚಿ ಯಾರಿಗೆ ಸಿಕ್ಕಿತು ಎಂಬ ಲೆಕ್ಕ ಎಲ್ಲರ ಬಳಿಯೂ ಇರುತ್ತದೆ. ಹಾಸಿಗೆ ಹಿಡಿದವನ, ಸಾಲದಲ್ಲಿ ಮುಳುಗಿದವನ ಬಾಗಿಲು ತಟ್ಟಿದವರು ಎಷ್ಟು ಮಂದಿ, ಸ್ವಾಮೀ? ಕಾಣಿಕೆ ಹಾಕಲಾಗದವನ ಮನೆ ದಾರಿ ಗೊತ್ತಿಲ್ಲದ ಮುಂದಾಳು ಹುದ್ದೆಯಲ್ಲಿ ಇರಬಹುದು, ಅಷ್ಟೆ. ಜನರ ಮನಸ್ಸಿನಲ್ಲಿ ಇರುವುದಿಲ್ಲ.