ಡ್ರೈವರನ ನಿದ್ದೆಗೆ ಕಾರ್ಖಾನೆಯ ಅಂಗಳದಲ್ಲೇ ಜಾಗ ಕೊಡಿ

ಟ್ರ್ಯಾಕ್ಟರ್ ಮಾಲಕರಲ್ಲಿ, ಸಕ್ಕರೆ ಕಾರ್ಖಾನೆಗಳ ಸಭಾಸದರಲ್ಲಿ ಬಿನ್ನಹ

ಕಬ್ಬಿನ ಹಂಗಾಮು ಶುರುವಾದರೆ ಗಡಹಿಂಗ್ಲಜ–ಸಂಕೇಶ್ವರ ರಸ್ತೆಗೂ ಕೊಲ್ಹಾಪುರದ ಹೆದ್ದಾರಿಗೂ ರಾತ್ರಿಯೆಂಬುದಿಲ್ಲ. ಅಪಘಾತವಾದ ಮರುದಿನ ನಾವು ಆಡುವ ಮಾತು ಒಂದೇ: ‘ಡ್ರೈವರಗ ಜೋಂಪು ಹತ್ತಿತ್ತು.’ ಯಾಕೆ ಹತ್ತಿತೆಂದು ಕೇಳುವವರಿಲ್ಲ.

ಹಗಲೆಲ್ಲ ಹೊಲದಲ್ಲಿ ಗ್ಯಾಂಗಿನವರು ಕಬ್ಬು ಹೇರುವ ತನಕ ಕಾಯ್ದು, ಎರಡು ಟ್ರಾಲಿ ಎಳೆದುಕೊಂಡು ಬಂದವನು ಕಾರ್ಖಾನೆಯ ತೂಕದ ಕಾಟಾದ ಮುಂದೆ ಪಾಳಿ ಹಚ್ಚುತ್ತಾನೆ. ಪಾಳಿ ಒಂದೊಂದೇ ಗಾಡಿಯಷ್ಟು ಸರಿಯುತ್ತದೆ. ಕಣ್ಣು ಮುಚ್ಚಿದರೆ ಹಿಂದಿನವನ ಹಾರ್ನು. ಟ್ರಾಲಿ ಖಾಲಿಯಾಗುವಷ್ಟರಲ್ಲಿ ಬೆಳಗಿನ ಜಾವ. ದುಡ್ಡು ಖೇಪಿನ ಲೆಕ್ಕದಲ್ಲಿ, ಹಾಗಾಗಿ ಆಗಲೇ ಹೊರಡಬೇಕು. ಅಂಗಳದಲ್ಲಿ ಕಳೆದ ತಾಸುಗಳನ್ನು ಮಾಲಕರು ‘ಸುಮ್ಮನ ಕುಂತಿದ್ದ’ ಎನ್ನುತ್ತಾರೆ. ಅಲ್ಲ ಸ್ವಾಮಿ, ಅದೂ ದುಡಿಮೆಯೇ.

ರಾತ್ರಿ 2ರಿಂದ ಬೆಳಿಗ್ಗೆ 6ರ ನಡುವೆ ಮೈ ತಾನಾಗಿ ನಿದ್ದೆಗೆ ಜಾರುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಇನ್ನೊಮ್ಮೆ. 80 ಕಿ.ಮೀ. ವೇಗದ ಲಾರಿಯಲ್ಲಿ ನಾಲ್ಕು ಸೆಕೆಂಡು ಮಂಪರು ಕವಿದರೆ ಗಾಡಿ ಸುಮಾರು 90 ಮೀಟರು ಸಾಗಿರುತ್ತದೆ. ಮುಂದೆ ಕೆಂಪು ದೀಪವಿಲ್ಲದ ಟ್ರಾಲಿಯಿದ್ದರೆ ಹೇಳುವುದೇ ಬೇಡ. ತಂಬಾಕು, ಜೋರು ಹಾಡು, ಮುಖಕ್ಕೆ ನೀರು ಎಲ್ಲವೂ ನಾಲ್ಕು ನಿಮಿಷದ ಮಾತು. ಚಹಾ ಉಪಯೋಗಕ್ಕೆ ಬರುತ್ತದೆ, ಆದರೆ ಅದು ಮೈಗೆ ಹತ್ತಲು ಅರ್ಧ ತಾಸು ಬೇಕು. ಚಹಾ ಕುಡಿದು, ಗಾಡಿಯನ್ನು ರಸ್ತೆಯಿಂದ ಪೂರಾ ಕೆಳಗಿಳಿಸಿ, 20 ನಿಮಿಷ ಮಲಗಿ ಹೊರಡುವುದು ಜಾಣತನ. ಇಚಲಕರಂಜಿಯಲ್ಲಿ ರಾತ್ರಿಪಾಳಿ ಮುಗಿಸಿ ಬೈಕ್ ಹತ್ತುವ ಮಗ್ಗದವರಿಗೂ ಈ ಮಾತು ಸಲ್ಲುತ್ತದೆ.

ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ 8 ತಾಸು ದುಡಿಮೆ, 5 ತಾಸು ದುಡಿದರೆ ಅರ್ಧ ತಾಸು ವಿಶ್ರಾಂತಿ ಎಂದು ಬರೆದಿತ್ತು. ಕಾಟಾದ ಬಳಿ ಅದನ್ನು ಯಾರು ಓದಿ ಹೇಳಿದರು?

ನಮ್ಮ ಬೇಡಿಕೆ ದೊಡ್ಡದಲ್ಲ. ಗಾಡಿ ಬಂದ ಕೂಡಲೇ ನಂಬರು, ಅಂದಾಜು ವೇಳೆ ಬರೆದ ಟೋಕನ್ ಕೊಡಿ. ಪಾಳಿ ಸರಿಸಲು ಕಾರ್ಖಾನೆಯದೇ ಆಳಿರಲಿ. ಮಲಗಲು ಪತ್ರಾಸಿನ ಛಾವಣಿ, ಕುಡಿಯಲು ನೀರು. ರಾತ್ರಿ 2ರ ನಂತರ ಖಾಲಿಯಾದ ಗಾಡಿ ಬೆಳಕು ಹರಿದ ಮೇಲೆಯೇ ಗೇಟು ದಾಟಲಿ. ಮಾಲಕರೇ, ಅಲ್ಲಿಯ ತನಕ ‘ಎಲ್ಲಿ ಅದಿ?’ ಎಂದು ಫೋನ್ ಮಾಡಬೇಡಿ.

ಸಭಾಸದರೇ, ಬಾಯ್ಲರ್ ಹೊತ್ತಿಸುವ ಮೊದಲೇ ಈ ಕಾಗದ ಹಿಡಿದು ಆಡಳಿತ ಮಂಡಳಿಯನ್ನು ಕೇಳಿರಿ: ಟೋಕನ್ ಯಾವತ್ತಿನಿಂದ, ಛಾವಣಿ ಎಲ್ಲಿ?